ಪ್ರೆಸ್ ಶಾಪಿನ ಅಮಾವಾಸ್ಯೆಗಳು

ಪೀಣ್ಯದ ಶೆಡ್ಡುಗಳಿಗೆ ಹೊಸದಾಗಿ ಸೇರಿದ ಹೆಣ್ಣುಮಕ್ಕಳು ಬಸ್ಸಿನಲ್ಲಿ ಸಿಗುತ್ತಾರೆ. ನಾನು ಪ್ರೆಸ್ ಶಾಪಿನಲ್ಲಿದ್ದವಳು ಎಂದು ಗೊತ್ತಾದರೆ ಸಾಕು, "ಆಂಟಿ, ನಿಮಗೆ ಭಯ ಆಗ್ತಿರ್ಲಿಲ್ವಾ?" ಎಂದು ಶುರುಮಾಡುತ್ತಾರೆ. ಏನು ಹೇಳಲಿ? ಕೆಲಸ ಬಿಟ್ಟು ಇಷ್ಟು ವರ್ಷವಾದರೂ ಕುಕ್ಕರ್ ಕೂಗಿದರೆ ನನ್ನ ಎರಡೂ ಕೈ ತಾವಾಗಿಯೇ ಎದೆಗೆ ಬಂದುಬಿಡುತ್ತವೆ. ನನ್ನ ಸೊಸೆ ನೋಡಿ ನಗುತ್ತಾಳೆ. ನಗಲಿ ಬಿಡಿ. ಅವಳು ಕೂರುವುದು ಕಂಪ್ಯೂಟರಿನ ಮುಂದೆ, ಅದು ಯಾರ ಬೆರಳನ್ನೂ ಕೇಳುವುದಿಲ್ಲ.

ನಾನು ಹುಟ್ಟಾ ಅಂಜುಬುರುಕಿ. ಮೊದಲೇ ಹೇಳಿಬಿಡುತ್ತೇನೆ, ಧೀರ ಮಹಿಳೆಯ ಕಥೆ ಎಂದುಕೊಂಡು ಓದಿ ಆಮೇಲೆ ನನ್ನನ್ನು ಬೈಯಬಾರದು. ಹೆಲ್ಪರ್ ಆಗಿದ್ದವಳು ಆಪರೇಟರ್ ಆದದ್ದು, ಕೊನೆಯ ದಿನ ಶಾಲು ಹೊದಿಸಿ ಫೋಟೋ ತೆಗೆದದ್ದು, ಇವುಗಳಿಂದ ನಿಮಗೇನೂ ಉಪಯೋಗವಿಲ್ಲ. ಭಯದ ವಿಷಯ ಹೇಳುತ್ತೇನೆ. ಆ ಭಯವೇ ನನಗೆ ತಲೆಯೆತ್ತಿ ಆಕಾಶ ನೋಡುವುದನ್ನು ಕಲಿಸಿತು, ಅದನ್ನೂ ಹೇಳುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ದಾವಣಗೆರೆ ಕಡೆಯಿಂದ ಬಂದು ನಾವು ಮಾಕಳಿಯ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ಯಜಮಾನರು ತುಮಕೂರು ರಸ್ತೆಯ ಒಂದು ಫ್ಯಾಕ್ಟರಿಯಲ್ಲಿ ವೆಲ್ಡರ್. ನನಗೆ ಪೀಣ್ಯದಲ್ಲಿ, ಕರೆಂಟಿನ ಸ್ವಿಚ್ಚಿನೊಳಗೆ ಕೂರುವ ಹಿತ್ತಾಳೆ ತುಂಡುಗಳನ್ನು ಮಾಡುವ ಸಣ್ಣ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಸಾಲಾಗಿ ನಿಂತ ಪವರ್ ಪ್ರೆಸ್ಸುಗಳು, ಒಂದೊಂದರ ಮುಂದೆ ಒಂದೊಂದು ಸ್ಟೂಲು.

ಪ್ರೆಸ್ ಅಂದರೆ ಏನೆಂದು ತಿಳಿಯದವರಿಗೆ ಇಷ್ಟು ಹೇಳಿದರೆ ಸಾಕು. ಪಕ್ಕದಲ್ಲೊಂದು ದೊಡ್ಡ ಚಕ್ರ ದಿನವಿಡೀ ತಿರುಗುತ್ತಲೇ ಇರುತ್ತದೆ. ಕಾಲಿನ ಪೆಡಲ್ ಒತ್ತಿದರೆ ಮೇಲಿನ ಅಚ್ಚು ಧಡ್ ಎಂದು ಕೆಳಗಿನ ಅಚ್ಚಿನ ಮೇಲೆ ಬಿದ್ದು, ತುಂಡನ್ನು ಬಗ್ಗಿಸಿ, ಮತ್ತೆ ಮೇಲೇರಿ ನಿಲ್ಲುತ್ತದೆ. ಅದು ನಿಂತಾಗ ನಾವು ಕೈ ಹಾಕಿ ಆದ ತುಂಡು ತೆಗೆದು ಹೊಸ ತುಂಡು ಇಡಬೇಕು. ತೆಗೆಯಲು ಇಕ್ಕಳ ಕೊಟ್ಟಿದ್ದರು. ಇಕ್ಕಳದಲ್ಲಿ ಕೆಲಸ ನಿಧಾನ, ಬೆರಳಿನಲ್ಲಿ ಬೇಗ. ಹಾಗಾಗಿ ಎಲ್ಲರ ಇಕ್ಕಳವೂ ಮೊಳೆಗೆ ನೇತುಬಿದ್ದಿರುತ್ತಿತ್ತು. ಅಚ್ಚು ಮೇಲೆ ಹೋಗಿ ನಿಲ್ಲುತ್ತದೆ ಎಂಬ ನಂಬಿಕೆಯ ಮೇಲೆ ನಮ್ಮ ಕೈ ಒಳಗೆ ಹೋಗುತ್ತಿತ್ತು. ದಿನಕ್ಕೆ ಎಷ್ಟು ಸಾವಿರ ಸಲ ನಂಬಬೇಕಾಗಿತ್ತೋ ನಾನು ಲೆಕ್ಕ ಇಟ್ಟಿಲ್ಲ.

ನಮ್ಮ ಫೋರ್ಮನ್ ನಂಜುಂಡಪ್ಪ. ಮಾಕಳಿಯವರೇ, ನಾವೆಲ್ಲ ನಂಜುಂಡಣ್ಣ ಎನ್ನುತ್ತಿದ್ದೆವು. ಬಾಯಿ ಜೋರು, ಮನಸ್ಸು ಬೆಣ್ಣೆ. ಅವರ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ಆಪರೇಟರ್ ಆಗಿದ್ದ ಕಾಲದಲ್ಲಿ ಬೇರೊಂದು ಶೆಡ್ಡಿನ ಪ್ರೆಸ್ಸು ಅವನ್ನು ತೆಗೆದುಕೊಂಡಿತ್ತು, ಅದೂ ಒಂದು ಅಮಾವಾಸ್ಯೆಯ ದಿನ. ಹೊಸದಾಗಿ ಸೇರಿದವರಿಗೆ ಆ ಕೈಯನ್ನು ಮುಖದ ಮುಂದೆ ಹಿಡಿದು ತೋರಿಸುತ್ತಿದ್ದರು.

"ನೋಡ್ಕಳಮ್ಮ. ಇದು ಮಿಸನ್ ತಿಂದಿದ್ದಲ್ಲ, ಅಮಾಸೆ ತಿಂದಿದ್ದು. ಆ ದಿನ ಒಂದು ಉಸಾರಾಗಿದ್ದುಬುಟ್ರೆ ತಿಂಗಳೆಲ್ಲ ಆರಾಮ್ ಕಣಮ್ಮ."

ಆದ್ದರಿಂದ ನಮ್ಮ ಶೆಡ್ಡಿನಲ್ಲಿ ಪ್ರತಿ ಅಮಾವಾಸ್ಯೆ ಬೆಳಿಗ್ಗೆ ಪೂಜೆಯಾಗದೆ ಚಕ್ರ ತಿರುಗುತ್ತಿರಲಿಲ್ಲ. ಯಂತ್ರಗಳಿಗೆ ಕುಂಕುಮ, ನಿಂಬೆಹಣ್ಣು, ಬಾಗಿಲಲ್ಲಿ ಬೂದುಗುಂಬಳ. ಪೂಜೆಯಾದ ಮೇಲೆ ಮೊದಲ ಹೊಡೆತಕ್ಕೆ ಒಳ್ಳೆಯ ಪೀಸ್ ಬರಬೇಕು, ಅದನ್ನು ಕೈಯಲ್ಲೇ ತೆಗೆದು ದೇವರ ಫೋಟೋ ಮುಂದೆ ಇಡಬೇಕು. ಅವತ್ತು ತುಂಡಿಡದೆ ಖಾಲಿ ಹೊಡೆತ ಹೊಡೆದರೆ ಅಪಶಕುನ, ಇಡೀ ತಿಂಗಳು ಖಾಲಿ ಹೋಗುತ್ತದಂತೆ. ಇದು ನಂಜುಂಡಣ್ಣನ ಕಾನೂನು.

ನನ್ನ ಪಕ್ಕದ ಸ್ಟೂಲಿನ ಸೆಲ್ವಿಗೆ ಇದನ್ನು ಕಂಡರೆ ನಗು. ಧರ್ಮಪುರಿ ಕಡೆಯ ಹುಡುಗಿ, ಇನ್ನೂ ಮದುವೆಯಾಗಿರಲಿಲ್ಲ. "ಅಣ್ಣಾ, ನಮ್ಮೂರಲ್ಲಿ ಒಳ್ಳೆ ಕೆಲಸ ಸ್ಟಾರ್ಟ್ ಮಾಡೋದೇ ಅಮಾವಾಸೆ ದಿನ. ನಿಮ್ ಚಂದ್ರ ಬೇರೆ, ನಮ್ ಚಂದ್ರ ಬೇರೆನಾ?" ಎಂದು ರೇಗಿಸುತ್ತಿದ್ದಳು. ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಮಠಕ್ಕೆ ಹೋಗುವ ದಿನ, ಬುತ್ತಿ ಕಟ್ಟಿಕೊಂಡು ಗಾಡಿಯಲ್ಲಿ ಹೋಗುತ್ತಿದ್ದೆವು. ಹೀಗೆ ಒಂದೇ ಶೆಡ್ಡಿನಲ್ಲಿ ಮೂರು ಬಗೆಯ ಅಮಾವಾಸ್ಯೆ. ನಾನು ಮಾತ್ರ ಜಾಣೆ. ಮೂರರಲ್ಲಿ ಭಯದ ಅಮಾವಾಸ್ಯೆಯನ್ನೇ ಆರಿಸಿಕೊಂಡಿದ್ದೆ.

ಈಗ ನನ್ನ ಎಡಗೈಯ ವಿಷಯ. ನಮ್ಮ ಮನೆಯಲ್ಲಿ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ನೋಡುತ್ತಾ ಕೂರುವುದು ಪದ್ಧತಿ. ಅವ್ವ ಕಲಿಸಿದ್ದು. ಬೇರೆ ಗುಡಿ ಬೇಡ, ನಿನ್ನ ಅಂಗೈಯೇ ಗುಡಿ ಎನ್ನುತ್ತಿದ್ದಳು. ಮದುವೆಯಾಗಿ ಬಂದ ಮೇಲೂ ಬಿಟ್ಟಿರಲಿಲ್ಲ. ಪ್ರೆಸ್ಸಿನಲ್ಲಿ ಒಳಗೆ ಹೋಗುವ ಕೈಯೂ ಅದೇ. ಬಲಗೈ ಹೊಸ ತುಂಡು ಹಿಡಿದಿರುತ್ತಿತ್ತು, ಎಡಗೈ ಹೋಗಿ ಹಳೆಯದನ್ನು ತೆಗೆಯುತ್ತಿತ್ತು.

ಸೇರಿ ಕೆಲವು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಲಿಂಗ ಕೈಯಲ್ಲಿಟ್ಟುಕೊಂಡು ಕೂತಿದ್ದೇನೆ, ಇದ್ದಕ್ಕಿದ್ದಂತೆ ಅಂಗೈಯ ಮೇಲೆ ಅಚ್ಚು ಬಿದ್ದ ಹಾಗಾಯಿತು. ಥಟ್ಟನೆ ಕೈ ಎಳೆದುಕೊಂಡೆ. ಲಿಂಗ ಮಡಿಲಿಗೆ ಬಿತ್ತು. ಮರುದಿನವೂ ಹಾಗೇ ಆಯಿತು. ಕಣ್ಣು ಮುಚ್ಚಿದರೆ ಇನ್ನೂ ಸ್ಪಷ್ಟವಾಗಿ ಬೀಳುತ್ತಿತ್ತು. ದೇವರು ಕೂರುವ ಜಾಗವನ್ನು ಯಂತ್ರಕ್ಕೆ ಕೊಡುತ್ತಿದ್ದೇನೆ, ಒಂದು ದಿನ ಆ ಜಾಗವೇ ಇರುವುದಿಲ್ಲ ಎಂಬ ಯೋಚನೆ ಹೊಕ್ಕಿತು. ಹೊಕ್ಕಿದ್ದು ಹೊರಡಲಿಲ್ಲ. ಲಿಂಗ ಕೊರಳಲ್ಲೇ ಉಳಿಯಿತು, ಅಂಗೈಗೆ ಬರಲಿಲ್ಲ. ಯಜಮಾನರಿಗೆ ಹೇಳಲಿಲ್ಲ. ಹೇಳಿದ್ದರೆ ಕೆಲಸ ಬಿಡು ಎನ್ನುತ್ತಿದ್ದರು, ಬಿಟ್ಟರೆ ಮನೆ ನಡೆಯುತ್ತಿರಲಿಲ್ಲ. ಅವ್ವ ಊರಿನಿಂದ ಬಂದಾಗ ಪೂಜೆ ಮಾಡಿದ ಹಾಗೆ ನಟಿಸಿದೆ. ಅಷ್ಟು ಒಂಟಿಯಾಗಿ ನಾನು ಯಾವತ್ತೂ ಇರಲಿಲ್ಲ.

ಹಾಗಿರುವಾಗ ಕಾರ್ತಿಕದ ಒಂದು ಸಂಜೆ, ಕೆಲಸ ಬಿಟ್ಟು ತುಮಕೂರು ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಪಶ್ಚಿಮಕ್ಕೆ ಸೂರ್ಯ ಇನ್ನೂ ಪೂರ್ತಿ ಇಳಿದಿರಲಿಲ್ಲ. ಸೆಲ್ವಿ ನನ್ನ ಭುಜ ಹಿಡಿದು ಹಿಂದಕ್ಕೆ ತಿರುಗಿಸಿದಳು.

"ಅಕ್ಕಾ, ಅಲ್ ನೋಡಿ. ಶೆಡ್ ಮೇಲೆ ಯಾರ್ ಹತ್ತಿದಾರೆ!"

ತಗಡಿನ ಮಾಡುಗಳ ಮೇಲೆ ಹುಣ್ಣಿಮೆಯ ಚಂದ್ರ. ಊರಿನಲ್ಲಿ ನೋಡಿರಲಿಲ್ಲವೇ? ನೋಡಿದ್ದೆ, ಆದರೆ ಅಲ್ಲಿ ಕಾಣಬೇಕಾದದ್ದೇ. ಗ್ರೈಂಡಿಂಗ್ ಧೂಳು, ಲಾರಿಗಳ ಹೊಗೆ, ಆಸಿಡ್ಡಿನ ವಾಸನೆಯ ನಡುವೆ ಇದು ಕೆಂಪಗೆ ದುಂಡಗೆ ತನ್ನ ಪಾಡಿಗೆ ಏಳುತ್ತಿತ್ತು. ನನಗೆ ಅಳು ಬಂತು. ಧೂಳು ಬಿತ್ತು ಎಂದು ಸೆಲ್ವಿಗೆ ಸುಳ್ಳು ಹೇಳಿದೆ. ಶೆಡ್ಡಿನಿಂದ ಹೊರಬಂದರೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದ ಎಡಗೈಯನ್ನು ಅವತ್ತು ಬಸ್ಸು ಬರುವವರೆಗೆ ಹೊರಗೇ ಬಿಟ್ಟು ನಿಂತಿದ್ದೆ.

ಅವತ್ತಿನಿಂದ ದಿನಾ ಹುಡುಕತೊಡಗಿದೆ. ಕ್ಯಾಲೆಂಡರಿನಲ್ಲಿ ತಿಥಿ ನೋಡುತ್ತಿದ್ದವಳಿಗೆ ಚಂದ್ರನೇ ತಿಥಿ ಹೇಳುವುದು ತಿಳಿಯಿತು. ಹುಣ್ಣಿಮೆ ಕಳೆದ ಮೇಲೆ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಪಶ್ಚಿಮದಲ್ಲಿ ಪೇಲವವಾಗಿ ನಿಂತಿರುತ್ತಿತ್ತು. ಅಷ್ಟಮಿಯ ಹೊತ್ತಿಗೆ ನೆತ್ತಿಯ ಮೇಲೆ ಅರ್ಧ. ಆಮೇಲೆ ಸವೆದು ಸವೆದು ಪೂರ್ವದಲ್ಲಿ ಒಂದು ಗೆರೆ, ಆಮೇಲೆ ಇಲ್ಲ. ಆ ಇಲ್ಲದ ದಿನ ಶೆಡ್ಡಿನಲ್ಲಿ ಕುಂಬಳಕಾಯಿ ಒಡೆಯುತ್ತಿದ್ದರು. ಹೊರಗೆ ಗೇಟಿನ ಹೊಂಗೆ ಮರಗಳೂ ಕಣ್ಣಿಗೆ ಬೀಳತೊಡಗಿದವು. ಶಿವರಾತ್ರಿಯ ಹೊತ್ತಿಗೆ ಬೋಳು, ಯುಗಾದಿಗೆ ಎಣ್ಣೆ ಹಚ್ಚಿದಂಥ ಎಳೆ ಎಲೆ, ಬೇಸಿಗೆಯಲ್ಲಿ ಕೆಳಗೆಲ್ಲ ಹೂವಿನ ಹಾಸು. ಮನಸ್ಸಿನಲ್ಲಿ ಒಂದು ಅಳುಕಿತ್ತು. ಅಂಗೈಯ ದೇವರನ್ನು ಬಿಟ್ಟು ಆಕಾಶದ್ದನ್ನು ಹಿಡಿದೆನೇ, ಇದು ತಪ್ಪಲ್ಲವೇ ಎಂದು. ಶಿವ ತಲೆಯ ಮೇಲೆ ಇಟ್ಟುಕೊಂಡದ್ದನ್ನು ನಾನು ನೋಡಿದರೆ ಅವನೇಕೆ ಮುನಿಸಿಕೊಳ್ಳುತ್ತಾನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಭಯ ಮಾತ್ರ ಕಡಿಮೆಯಾಗಲಿಲ್ಲ. ಹೊರಗೆ ಋತು ಬದಲಾದಂತೆ ಒಳಗೆ ಯಂತ್ರವೂ ಬದಲಾಗುವುದು ತಿಳಿದ ಮೇಲೆ ಇನ್ನೂ ಹೆಚ್ಚಾಯಿತು. ಚಳಿಗಾಲದ ಬೆಳಿಗ್ಗೆ ಗ್ರೀಸು ಗಟ್ಟಿಯಾಗಿ ಪ್ರೆಸ್ಸು ನರಳುತ್ತಾ ಏಳುತ್ತಿತ್ತು. ಬೇಸಿಗೆಯಲ್ಲಿ ಎಣ್ಣೆ ತೆಳುವಾಗಿ ಎಲ್ಲೆಲ್ಲಿಂದಲೋ ಸೋರುತ್ತಿತ್ತು. ಮಳೆಗಾಲ ಎಲ್ಲಕ್ಕಿಂತ ಕೆಟ್ಟದ್ದು, ತೇವಕ್ಕೆ ಅಚ್ಚು ಮೇಲೆ ಹೋಗಿ ನಿಲ್ಲುವಾಗ ಒಂದು ಚೂರು ಜಾರಿದ ಹಾಗಾಗುತ್ತಿತ್ತು. ಹಾಗಾಗಿ ನಾನೊಂದು ಅಭ್ಯಾಸ ಮಾಡಿಕೊಂಡೆ. ದಿನಾ ಕೈ ಒಳಗೆ ಹಾಕುವ ಮೊದಲು ಕೆಲವು ಖಾಲಿ ಹೊಡೆತ ಹೊಡೆದು, ಅಚ್ಚು ನಿಲ್ಲುತ್ತದೆಯೇ ಎಂದು ನೋಡುವುದು. ಉಳಿದವರು ನಕ್ಕರು. ನಂಜುಂಡಣ್ಣ, "ಗಿರಿಜಮ್ಮ ಮಿಸನ್ ಜೊತೆ ಮಾತಾಡ್ತಾವ್ಳೆ, ಬುಡ್ರಪ್ಪ" ಎನ್ನುತ್ತಿದ್ದರು. ಅಮಾವಾಸ್ಯೆಯ ದಿನ ಮಾತ್ರ ಅದಕ್ಕೆ ಅವಕಾಶವಿರಲಿಲ್ಲ. ಅವತ್ತು ಹೆಚ್ಚಾಗಿ ಬೇರೆ ಯಾರದೋ ಯಂತ್ರದಲ್ಲಿ ಮೊದಲ ಪೀಸ್ ತೆಗೆಯುತ್ತಿದ್ದರು, ನಾನು ಹಿಂದೆ ನಿಂತು ನೋಡುತ್ತಿದ್ದೆ.

ಒಂದು ಆಷಾಢ. ವಾರವಿಡೀ ಜಿಟಿಜಿಟಿ ಮಳೆ, ಚಂದ್ರನ ಸುಳಿವಿಲ್ಲ. ಸೆಲ್ವಿಯ ಪ್ರೆಸ್ಸು ಒಂದು ಮಧ್ಯಾಹ್ನ ಡಬಲ್ ಹೊಡೆಯಿತು. ಎಂದರೆ, ಅವಳು ಪೆಡಲಿನಿಂದ ಕಾಲು ತೆಗೆದ ಮೇಲೂ ಅಚ್ಚು ತಾನಾಗಿಯೇ ಇನ್ನೊಂದು ಸಲ ಬಿತ್ತು. ಪುಣ್ಯಕ್ಕೆ ಅವಳು ಆ ಗಳಿಗೆಯಲ್ಲಿ ಸೀನಿದ್ದಳು, ಕೈ ಮೂಗಿನ ಹತ್ತಿರವಿತ್ತು. ಯಾವಾಗಲೂ ನಗುವ ಹುಡುಗಿ ಮೂಲೆಯಲ್ಲಿ ಕೂತು ವಾಂತಿ ಮಾಡಿಕೊಂಡಳು.

ನಂಜುಂಡಣ್ಣ ಆ ಯಂತ್ರ ನಿಲ್ಲಿಸಿಬಿಟ್ಟರು. ಮೆಕ್ಯಾನಿಕ್ ಕರೆಸೋಣ ಎಂದೆ. "ಕರ್ಸಾಣ. ಮೊದ್ಲು ಅಮಾಸೆ ಕಳೀಲಿ. ನಾಲಕ್ ದಿನದಾಗೆ ಭೀಮನ ಅಮಾಸೆ ಐತೆ. ಜೋರಾಗಿ ಪೂಜೆ ಮಾಡಾಣ" ಎಂದರು. ಅವರ ಮುಖ ಬಿಳಿಚಿಕೊಂಡಿತ್ತು. ಅವರಿಗೆ ನಮ್ಮೆಲ್ಲರಿಗಿಂತ ಹೆಚ್ಚು ಹೆದರಿಕೆಯಾಗಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಭೀಮನ ಅಮಾವಾಸ್ಯೆಯ ಬೆಳಿಗ್ಗೆ ನಾನು ವಠಾರದ ಹೆಂಗಸರ ಜೊತೆ ಯಜಮಾನರ ಪಾದಪೂಜೆ ಮುಗಿಸಿ, ಬಲಗೈಗೆ ಅರಿಶಿನದ ದಾರ ಕಟ್ಟಿಕೊಂಡು ಶೆಡ್ಡಿಗೆ ಹೋದೆ. ನಂಜುಂಡಣ್ಣ ಆಗಲೇ ಸ್ಟೂಲು ಹತ್ತಿ ಸೆಲ್ವಿಯ ಪ್ರೆಸ್ಸಿನ ನೆತ್ತಿಗೆ ಪೂಜೆ ಮಾಡುತ್ತಿದ್ದರು. ಉಳಿದ ತಿಂಗಳುಗಳಲ್ಲಿ ಯಂತ್ರದ ಮುಂಭಾಗಕ್ಕೆ ಕುಂಕುಮ ಇಡುತ್ತಿದ್ದವರು ಈ ಸಲ ಮೇಲಕ್ಕೇ ಹೋಗಿದ್ದರು. "ಎಲ್ ನಿಂತ್ಕಬೇಕೋ ಅಲ್ಲೇ ನಿಲ್ತಾ ಇಲ್ಲ. ದೋಸ ಅಲ್ಲೇ ಐತೆ" ಎನ್ನುತ್ತಾ ಅಲ್ಲಿಗೆ ಎಳ್ಳೆಣ್ಣೆ ಸುರಿದು, ಕುಂಕುಮ ಕಲಸಿ, ಕೈತುಂಬ ಬಳಿದರು. ಭಕ್ತಿಯಿಂದ ಬಳಿದರು, ಕಣ್ಣಲ್ಲಿ ನೀರಿತ್ತು.

ಇಳಿದವರೇ ನನ್ನ ಕಡೆ ತಿರುಗಿದರು. "ಗಿರಿಜಮ್ಮ, ನೀನೇ ಮೊದಲ್ನೇ ಪೀಸ್ ತೆಗೀಬೇಕು. ಭೀಮನ ಅಮಾಸೆ, ಮುತ್ತೈದೆ ಕೈಯಾಗೆ ಆಗ್ಲಿ. ಕೂತ್ಕ."

ಕೂತೆ. ಚಕ್ರ ತಿರುಗತೊಡಗಿತು. ಎಲ್ಲರೂ ಸುತ್ತ ನಿಂತಿದ್ದರು, ಊದುಬತ್ತಿಯ ಹೊಗೆ, ತಗಡಿನ ಮೇಲೆ ಮಳೆ. ನನ್ನ ಎಡ ಅಂಗೈ ಆಗಲೇ ಉರಿಯುತ್ತಿತ್ತು.

"ಅಣ್ಣಾ, ಒಂದ್ ಖಾಲಿ ಹೊಡೀತೀನ್ರಿ. ಒಂದೇ."

"ಅಮಾಸೆ ದಿನ ಖಾಲಿನಾ? ಏನ್ ಮಾತಾಡ್ತಿಯಮ್ಮ ನೀನು!"

"ಹಂಗಾದ್ರ ನಾ ಕೈ ಹಾಕಂಗಿಲ್ರಿ. ಹೆದರಿಕಿ ಆಗ್ತದ."

ಜೋರಾಗಿಯೇ ಹೇಳಿಬಿಟ್ಟಿದ್ದೆ. ಎಲ್ಲರೂ ಕೇಳಿಸಿಕೊಂಡರು. ಯಾರೋ ಕಿಸಕ್ಕೆಂದರು. ಸೆಲ್ವಿ ಮಾತ್ರ ಮೊಳೆಯಿಂದ ಇಕ್ಕಳ ತೆಗೆದು ತಂದು ನನ್ನ ಎಡಗೈಯಲ್ಲಿಟ್ಟಳು. ಕೆಳಗಿನ ಅಚ್ಚಿನಲ್ಲಿ ಇಕ್ಕಳದಿಂದಲೇ ತುಂಡು ಇಟ್ಟೆ. ಪೆಡಲ್ ಒತ್ತಿ ಕಾಲು ತೆಗೆದೆ. ಧಡ್. ಅಚ್ಚು ಮೇಲೆ ಹೋಯಿತು. ಪೀಸ್ ತೆಗೆಯಲು ಇಕ್ಕಳ ಒಳಗೆ ಹಾಕಿದೆ.

"ದೇವ್ರಿಗಿಡೋ ಪೀಸ್ನ ಕಬ್ಬಿಣದಾಗೆ ಎತ್ತುತಾರೇನಮ್ಮ, ಕೈಯಾಗೆ ತೆಗಿ..." ಎಂದು ನಂಜುಂಡಣ್ಣ ಹೇಳುತ್ತಿರುವಾಗಲೇ ಅಚ್ಚು ಮತ್ತೆ ಬಿತ್ತು.

ಇಕ್ಕಳ ಕೈಯಿಂದ ಕಿತ್ತುಕೊಂಡು ಹೋದಂತಾಯಿತು. ಮೊಣಕೈವರೆಗೆ ಜುಂ ಎಂದಿತು. ಸೆಲ್ವಿ ಕಿರುಚಿದಳು. ಯಾರೋ ಸ್ವಿಚ್ ಆರಿಸಿದರು, ಚಕ್ರ ಮಾತ್ರ ಇನ್ನೂ ಎಷ್ಟೋ ಹೊತ್ತು ತಿರುಗುತ್ತಲೇ ಇತ್ತು. ಇಕ್ಕಳದ ಮೂತಿ ಚಪ್ಪಟೆಯಾಗಿ ಹಿತ್ತಾಳೆಯ ಜೊತೆ ಅಂಟಿಕೊಂಡಿತ್ತು. ನಾನು ನನ್ನ ಅಂಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡೆ. ಇತ್ತು. ಇದೆ ಎಂದು ನಂಬಲು ಬಹಳ ಹೊತ್ತು ಹಿಡಿಯಿತು.

ಮಧ್ಯಾಹ್ನ ಪಕ್ಕದ ರಸ್ತೆಯಿಂದ ಮೆಕ್ಯಾನಿಕ್ ಬಂದ. ಸ್ಟೂಲು ಹತ್ತಿ ಬಟ್ಟೆಯಿಂದ ಒರೆಸಿದ, ಬಟ್ಟೆ ಕೆಂಪಾಯಿತು. "ಯಾರ್ರೀ ಇದು, ಅಚ್ಚು ಹಿಡಿದು ನಿಲ್ಸೋ ಬ್ರೇಕ್ ಪಟ್ಟಿಗೆ ಎಣ್ಣೆ ಹಾಕಿರೋದು? ಮೊದಲೇ ತೇವಕ್ಕೆ ಜಾರ್ತಿದೆ, ಮೇಲೆ ಎಣ್ಣೆ ಬೇರೆ. ಹೆಂಗ್ರೀ ನಿಲ್ಲುತ್ತೆ?" ಎಂದ.

ನಂಜುಂಡಣ್ಣ ಆ ಕೆಂಪು ಬಟ್ಟೆ ಇಸಿದುಕೊಂಡು ಮೂಸಿ ನೋಡಿದರು. ನಿಂತಲ್ಲೇ ನೆಲಕ್ಕೆ ಕೂತರು. "ಆವತ್ತೂ ಅಚ್ಚಿದ್ದೆ" ಎಂದರು. ನಮಗೆ ಅರ್ಥವಾಗಲಿಲ್ಲ. "ನನ್ ಬೆಳ್ಳು ವೋದ್ ದಿನ. ಅಮಾಸೆ ಅಂತ ನಾನೇ ಬೆಳಿಗ್ಗೆ ಎಣ್ಣೆ ಅಚ್ಚಿದ್ದೆ. ಇಂಗೇ. ಮ್ಯಾಲೆ, ಇಂಗೇ."

ಮೆಕ್ಯಾನಿಕ್ ಇಳಿದು ಕೈ ತೊಳೆಯಲು ಹೋದ. ಮಳೆ ನಿಂತಿತ್ತು.

ಮರುದಿನದಿಂದ ಕೆಲಸ ಎಂದಿನಂತೆ ನಡೆಯಿತು. ಪಟ್ಟಿ ಬದಲಾಯಿಸಿದರು, ಎಲ್ಲರೂ ಇಕ್ಕಳ ಹಿಡಿದರು, ಖಾಲಿ ಹೊಡೆತಕ್ಕೆ ಯಾರೂ ನಗಲಿಲ್ಲ. ಮನೆಯಲ್ಲಿ ನಾನು ಅನ್ನ ಕಲಸಲೂ ಹೆದರುತ್ತಿದ್ದೆ. ಶ್ರಾವಣದ ಬಿದಿಗೆಯ ಸಂಜೆ ಒಣಗಿದ ಬಟ್ಟೆ ತರಲು ವಠಾರದ ಮಾಳಿಗೆಗೆ ಹೋದೆ. ಆಗ ಮಾಕಳಿಯಲ್ಲಿ ಇನ್ನೂ ಹೊಲಗಳಿದ್ದವು, ರಾಗಿ ಆಗಷ್ಟೇ ಮೊಳೆತು ನೆಲ ಹಸಿರಾಗಿತ್ತು. ಪಶ್ಚಿಮದಲ್ಲಿ ಮೋಡ ಸ್ವಲ್ಪ ಸರಿದು ಚಂದ್ರ ಕಂಡಿತು, ಉಗುರು ಕತ್ತರಿಸಿ ಎಸೆದಷ್ಟು. ಅದನ್ನು ಕರೆತರಲು ಯಾರೂ ಏನೂ ಒಡೆದಿರಲಿಲ್ಲ, ಏನೂ ಬಳಿದಿರಲಿಲ್ಲ. ಹೋಗುವ ಹೊತ್ತಿಗೆ ಹೋಗಿತ್ತು, ಬರುವ ಹೊತ್ತಿಗೆ ಬಂದಿತ್ತು. ನಾನು ಬಟ್ಟೆಯನ್ನು ಕೆಳಗಿಟ್ಟು, ಕೊರಳಿನಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟೆ. ಅಚ್ಚು ಬಿತ್ತು. ಮತ್ತೆ ಮತ್ತೆ ಬಿತ್ತು. ಈ ಸಲ ಕಣ್ಣು ಮುಚ್ಚಲಿಲ್ಲ. ಕೈ ಎಳೆದುಕೊಳ್ಳದೆ ನೋಡುತ್ತಾ ಕೂತೆ, ಚಂದ್ರ ಮುಳುಗುವವರೆಗೆ. ಭಯ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಭಯವನ್ನು ಹೊರಗೆ ನಿಲ್ಲಿಸಿ ದೇವರ ಹತ್ತಿರ ಹೋಗಬೇಕು ಎಂದುಕೊಂಡಿದ್ದೆ, ಒಟ್ಟಿಗೇ ಹೋಗಬಹುದು ಎಂದು ಅವತ್ತು ತಿಳಿಯಿತು. ನನ್ನ ಪೂಜೆ ಈಗಲೂ ಹಾಗೇ, ಮಾಳಿಗೆಯ ಮೇಲೆ, ತಿಥಿಗೆ ತಕ್ಕಂತೆ ಹೊತ್ತು ಬದಲಿಸಿಕೊಂಡು.

ಶ್ರಾವಣದ ಹುಣ್ಣಿಮೆ ಸಂಜೆ ಕೆಲಸ ಬಿಟ್ಟು ನಾನೂ ಸೆಲ್ವಿಯೂ ತುಮಕೂರು ರಸ್ತೆಯಲ್ಲಿ ಬಸ್ಸಿಗೆ ನಿಂತಿದ್ದೆವು. ನಂಜುಂಡಣ್ಣ ಬೀಗ ಹಾಕಿಕೊಂಡು ಬಂದು ನಮ್ಮ ಪಕ್ಕ ನಿಂತರು. ಅವರು ಆ ಹದಿನೈದು ದಿನವೂ ಯಾರನ್ನೂ ಗದರಿರಲಿಲ್ಲ. ಚಂದ್ರ ಆಗಷ್ಟೇ ತಗಡುಗಳ ಮೇಲೆ ಬಂದಿತ್ತು.

"ನೋಡಿ ಅಣ್ಣಾ, ಎಷ್ಟ್ ಚೆನ್ನಾಗಿದೆ. ಇದಕ್ಕಾ ನೀವು ಹೆದ್ರುತಾ ಇದ್ದಿದ್ದು?" ಎಂದಳು ಸೆಲ್ವಿ, ಅವರನ್ನು ನಗಿಸಲು.

ಅವರು ನಗಲಿಲ್ಲ. ಬಲಗೈಯನ್ನು ಮುಂದೆ ಹಿಡಿದು ತಾವೇ ನೋಡಿಕೊಂಡರು.

"ಇಷ್ಟ್ ವರ್ಸ ತಿಂಗ್ಳಿಗೊಂದ್ ದಿನ ಎದ್ರುಕೊಂಡ್ರೆ ಆಗೋಗ್ತಿತ್ತು ಕಣಮ್ಮ, ಅಮಾಸೆ ಕಳೀತು ಅಂತ ಮಿಕ್ಕಿದ್ ದಿನ ನಿದ್ದೆ ಬರ್ತಿತ್ತು. ತಪ್ಪು ಅದರ್ ಮೇಲೆ ಆಕಿದ್ದೆ. ಈಗ ನನ್ ಕೈಯೇ ಮಾಡಿದ್ದು ಅಂತ ಗೊತ್ತಾಗೋಯ್ತಲ್ಲ. ಈ ಕೈನ ಮಡೀಕಂಡೇ ದಿನಾ ಮಲಗ್ಬೇಕಲ್ಲಮ್ಮ."

ನಾನು ದೇವರು, ಧೈರ್ಯ ಎಂದು ಏನೋ ಹೇಳಲು ಹೊರಟೆ. ಆಮೇಲೆ ಇದ್ದದ್ದನ್ನೇ ಹೇಳಿದೆ.

"ನನಗೂ ಹೆದರಿಕಿ ಹೋಗಿಲ್ಲಣ್ಣ," ಎಂದೆ. "ಇರ್ರಿ, ಇನ್ನಷ್ಟು ಹೊತ್ತು ನಿಂತ್ಕಳಾಣ."

ಬಸ್ಸು ಬಂತು, ಹೋಯಿತು. ಮೂವರೂ ಹತ್ತಲಿಲ್ಲ.